ಐದು ಮಾರ್ಕಿನ ಪಾಠ

ಇಪ್ಪತ್ತಾರು ವರ್ಷಗಳಿಂದ ಸುಳ್ಯದ ಮಕ್ಕಳಿಗೆ ನಾನು ಒಂದೇ ಪಾಠ ಹೇಳುತ್ತ ಬಂದಿದ್ದೇನೆ. ಎರಡನೇ ಪಿಯುಸಿಯ ಜೀವಶಾಸ್ತ್ರ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು. ಗಂಟಲು ಒಣಗುವಷ್ಟು ವಿವರಿಸಿದ ಮೇಲೆ ಅವರು ಕೇಳುವ ಪ್ರಶ್ನೆಯೂ ಒಂದೇ. ಇದು ಎಷ್ಟು ಮಾರ್ಕಿಗೆ ಬರ್ತದೆ ಮೇಡಂ? ಐದು ಎಂದು ಹೇಳಿದ ಕ್ಷಣದಿಂದ ಪೆನ್ನು ಓಡುತ್ತದೆ, ತಲೆ ನಿಲ್ಲುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ.

ಪುಸ್ತಕದ ಚಿತ್ರ ಅವರ ತಲೆಗೆ ಹೋಗುವುದಿಲ್ಲವೆಂದು ನಾನು ಅಡಿಗೆ ಭಟ್ಟರನ್ನು ಉದಾಹರಣೆಗೆ ಹಿಡಿದುಕೊಂಡಿದ್ದೇನೆ. ಭಟ್ಟರ ಹತ್ತಿರ ಅಜ್ಜನ ಕಾಲದ ಒಂದು ದಪ್ಪ ಪುಸ್ತಕ ಇದೆ, ಅದು ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಅದು ಡಿಎನ್‌ಎ. ಅದರಲ್ಲಿ ಸಾರಿನ ಪುಟ ಒಂದು ಜೀನು. ಮದುವೆಯ ದಿನ ಆ ಪುಟವನ್ನಷ್ಟೇ ಚೀಟಿಗೆ ನಕಲು ಮಾಡಿ ಒಲೆಯ ಬಳಿಗೆ ಕಳಿಸುತ್ತಾರೆ, ಆ ಚೀಟಿ ಆರ್‌ಎನ್‌ಎ. ಒಲೆಯ ಮುಂದೆ ನಿಂತವನು ಚೀಟಿಯನ್ನು ಮೂರು ಮೂರು ಅಕ್ಷರವಾಗಿ ಓದುತ್ತಾನೆ, ಪ್ರತಿ ಮೂರಕ್ಕೆ ಒಂದು ಸಾಮಾನು ಹಾಕುತ್ತಾನೆ. ಕೊನೆಗೆ ಇಳಿಸಿದ ಸಾರು ಪ್ರೋಟೀನು. ಪುಸ್ತಕದಲ್ಲೇ ಒಂದು ಅಕ್ಷರ ತಪ್ಪಿದ್ದರೆ ಚೀಟಿಯೂ ತಪ್ಪು, ಸಾರೂ ತಪ್ಪು. ಕೆಲವು ತಪ್ಪು ಬಡಿಸುವಾಗ ಗೊತ್ತೇ ಆಗುವುದಿಲ್ಲ. ಸಾರು ಸಾರಿನ ಹಾಗೇ ಕಾಣುತ್ತದೆ, ಬಿಸಿಲೇರುವಾಗ ಹಳಸುತ್ತದೆ.

ಆ ಗುರುವಾರ ಮೊದಲ ಪಿರಿಯಡ್ಡಿನಲ್ಲಿ ಇದನ್ನೇ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ತನ್ಮಯೀ ಎದ್ದು ನಿಂತಳು. ಬಡಿಸುವಾಗ ಗೊತ್ತಾಗುವುದಿಲ್ಲವಾದರೆ ತಪ್ಪಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಒಂದು ಮಗು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ನಾನು ಗಡಿಯಾರ ನೋಡಿದೆ. ಅದು ಸಿಲೆಬಸ್ಸಿನಲ್ಲಿ ಇಲ್ಲ, ಕೂತುಕೋ ಎಂದೆ. ನನಗೆ ಪುತ್ತೂರಿಗೆ ಹೋಗಿ ಮೊಮ್ಮಗನ ರಕ್ತದ ರಿಪೋರ್ಟು ತರಬೇಕಿತ್ತು.

ಅವನು ಹುಟ್ಟಿ ಅಂದಿಗೆ ಎಂಟನೇ ದಿನ. ನನ್ನ ಮಗಳು ಗಾನಶ್ರೀಯ, ನಮ್ಮ ಗಾನಳ, ಎರಡನೇ ಮಗು. ಮೊದಲನೆಯದೂ ಗಂಡು, ಎರಡು ವರ್ಷದ ಹಿಂದೆ ಇದೇ ಅಜ್ಜಾವರ ರಸ್ತೆಯ ನಮ್ಮ ಮನೆಗೆ ಆಸ್ಪತ್ರೆಯಿಂದ ಗುಂಡುಗುಂಡಾಗಿ ಬಂದಿತ್ತು. ಬಂದ ಎರಡನೇ ದಿನ ಕಣ್ಣು ಹಳದಿಯಾಯಿತು. ನನ್ನ ಅತ್ತೆ ಪರಮೇಶ್ವರಿ ಪರಿಚಯದ ಮನೆಯೊಂದರಿಂದ ಕಾಮಾಲೆಗೆ ನಾಟಿಮದ್ದು ತರಿಸಿದರು, ನಾಳೆಗೆ ಇಳಿಯುತ್ತದೆ ಎಂದರು. ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ದಾಗ ಕಾಮಾಲೆ ಮಿದುಳಿಗೆ ಏರಿತ್ತು, ಒಂಬತ್ತನೇ ದಿನ ಮಗು ಹೋಯಿತು. ಯಾಕೆ ಅಷ್ಟು ಏರಿತು ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ಮಾಡಿಸಬೇಕೆಂದು ನನಗೂ ಹೊಳೆಯಲಿಲ್ಲ, ಯಾಕೆಂದರೆ ಕಾರಣ ನನಗೆ ಗೊತ್ತಿತ್ತು. ಮನೆ ತುಂಬ ನೆಂಟರಿರುವಾಗಲೇ ಅತ್ತೆಯ ಮುಖಕ್ಕೆ ಹೇಳಿದೆ, ನಿಮ್ಮ ಮದ್ದೇ ಮಗುವನ್ನು ಕೊಂದದ್ದು ಎಂದು.

ಅಂದಿನಿಂದ ನಮ್ಮ ನಡುವೆ ಅನ್ನ, ಸಾರು, ಬೀಗದ ಕೈ ಇಷ್ಟರದ್ದೇ ಮಾತು.

ಈ ಬಾರಿ ಅವರು ಮಗುವನ್ನು ಮುಟ್ಟಲೇ ಇಲ್ಲ. ಮೀಯಿಸಲು ಬರುವ ಹೆಂಗಸು ನೀರಿನಿಂದ ಎತ್ತಿ ಅವರ ಕಡೆ ನೀಡಿದರೆ, ಗಾನಳಿಗೆ ಕೊಡು ಎಂದು ಹಿಂದೆ ಸರಿದರು. ಎಪ್ಪತ್ತೊಂಬತ್ತು ವರ್ಷದ ಮುದುಕಿಗೆ ಈ ಹಮ್ಮು ಯಾಕೆ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಒಂದು ಕೆಲಸ ಮಾತ್ರ ಅವರು ಬಿಡಲಿಲ್ಲ. ಹನ್ನೊಂದನೇ ದಿನ ಹೆಸರಿಡುವವರೆಗೆ ನಮ್ಮಲ್ಲಿ ಕೂಸಿಗೆ ಹೊಸ ಬಟ್ಟೆ ಆಗದು, ಮನೆಯ ಹಿರಿಯ ಹೆಂಗಸಿನ ಹಳೆಯ ನೂಲಿನ ಸೀರೆಯಲ್ಲೇ ಸುತ್ತಬೇಕು. ಬುಧವಾರ ಬೆಳಿಗ್ಗೆ ಕೂಸು ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರು ಮರದ ಪೆಟ್ಟಿಗೆ ತೆರೆದು, ನೀರು ತಾಗಿ ತಾಗಿ ರೇಷ್ಮೆಗಿಂತ ಮೆತ್ತಗಾದ ಒಂದು ನೀಲಿ ಸೀರೆ ತೆಗೆದಿಟ್ಟರು. ಮೊದಲ ಮಗುವಿಗೂ ಅದೇ ಪೆಟ್ಟಿಗೆಯ ಸೀರೆ. ಕೋಣೆ ತುಂಬ ಅದರ ವಾಸನೆ ಹರಡಿತು. ನಾನು ಮೂಗಿನ ತುಂಬ ಎಳೆದುಕೊಂಡೆ, ಮನೆಯ ಪರಿಮಳ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಮಗುವಿನ ಕಣ್ಣಂಚು ಸ್ವಲ್ಪ ಹಳದಿ ಕಂಡಿತು. ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡು, ಪೋರ್ಷನ್ ಮುಗಿಸಲು ಕಾಲೇಜಿಗೆ ಹೋದೆ. ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ಪುತ್ತೂರಿನಲ್ಲಿ ಲ್ಯಾಬಿನವನು ಟೋಕನ್ ಎಂದ. ಟೋಕನ್ ಕೊಟ್ಟರೆ ಮಗುವಿನ ಹೆಸರು ಬೇಕು ಎಂದ. ಹೆಸರಿಡದ ಕೂಸಿಗೆ ಹೆಸರು ಎಲ್ಲಿಂದ ತರಲಿ ಎಂದು ನಾನು ಗದರಿದ ಮೇಲೆ ತಾಯಿಯ ಹೆಸರಿನಲ್ಲಿ ಹುಡುಕಿ ಒಂದು ಕವರು ಕೊಟ್ಟ. ಅದನ್ನು ಹಿಡಿದು ಮಕ್ಕಳ ಡಾಕ್ಟರ ಕೋಣೆಗೆ ಹೋದೆ. ಡಾಕ್ಟರ್ ಮುರಳಿಕೃಷ್ಣ ನನ್ನದೇ ಹಳೆಯ ವಿದ್ಯಾರ್ಥಿ. ಮೊದಲ ಮಗು ಹೋದ ಕಥೆ ಕೇಳಿ, ಈ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಸಿ ಕಳಿಸಿದವನು ಅವನೇ.

ಅವನು ರಿಪೋರ್ಟನ್ನು ಎರಡು ಸಲ ಓದಿದ. ಕೆಂಪು ರಕ್ತಕಣಗಳು ಒಡೆಯದ ಹಾಗೆ ಕಾಯುವ ಒಂದು ಪ್ರೋಟೀನು ಇದೆ, ಇವನಲ್ಲಿ ಅದು ತೀರಾ ಕಡಿಮೆ ಎಂದ. ಅದನ್ನು ಮಾಡಿಸುವ ಜೀನಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಸಾಕು, ಸುಮ್ಮನಿರುವಾಗ ಮಗು ಆರೋಗ್ಯವಾಗಿಯೇ ಇರುತ್ತದೆ, ಆಗದ್ದು ಯಾವುದಾದರೂ ತಾಗಿದರೆ ರಕ್ತಕಣಗಳು ಪಟಪಟನೆ ಒಡೆಯುತ್ತವೆ, ಕಾಮಾಲೆ ಏರುತ್ತದೆ. ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡು ಮಗುವಿಗೆ ಅದು ತಾಯಿಯಿಂದಲೇ ಬರುವುದು. ಇಷ್ಟು ಹೇಳಿ ನನ್ನ ಮುಖ ನೋಡಿದ. ಮುಂದಿನದ್ದು ನಾನೇ ಕಲಿಸಿದ್ದಲ್ಲವೇ? ಕಲ್ಲುಗುಂಡಿಯಲ್ಲಿರುವ ನನ್ನ ತಮ್ಮ ಹಿಂದೊಮ್ಮೆ ಮಲೇರಿಯಾದ ಮಾತ್ರೆ ನುಂಗಿ ಚಾದ ಬಣ್ಣದ ಮೂತ್ರ ಹೋಗಿ ಆಸ್ಪತ್ರೆ ಸೇರಿದ್ದ. ಮಾತ್ರೆ ಉಷ್ಣ ಎಂದು ಮಾತಾಡಿ ಮರೆತಿದ್ದೆವು. ಪುಸ್ತಕದ ತಪ್ಪು ನನ್ನ ತವರಿನದ್ದು. ನನ್ನಿಂದ ಗಾನಳಿಗೆ, ಅವಳಿಂದ ಅವನಿಗೆ.

"ಅದಕ್ಕೆ ನೀವು ಬೇಜಾರು ಮಾಡುದು ಬೇಡ ಮೇಡಂ," ಎಂದ ಮುರಳಿ. "ಜೀನು ಯಾರ ಕೈಯಲ್ಲಿಯೂ ಇಲ್ಲ. ಕೆಲವನ್ನು ದೂರ ಇಟ್ರೆ ಆಯ್ತು."

ಒಂದು ಹಾಳೆಯಲ್ಲಿ ಪಟ್ಟಿ ಬರೆಯುತ್ತ ಓದಿ ಹೇಳಿದ. ಮಲೇರಿಯಾದ ಆ ಮಾತ್ರೆ, ಕೆಲವು ಸಲ್ಫಾ ಔಷಧಿಗಳು. ಆಮೇಲೆ, ಮನೆಯಲ್ಲಿ ಬಟ್ಟೆಯ ನಡುವೆ ನುಸಿಗುಳಿಗೆ, ಆ ಬಿಳಿ ನಾಫ್ತಲೀನ್ ಉಂಡೆ, ಇಡುವ ಅಭ್ಯಾಸ ಉಂಟಾ ಎಂದು ತಲೆಯೆತ್ತದೆ ಕೇಳಿದ.

ಉಂಟು ಎಂದೆ.

ಅತ್ತೆಯ ಪೆಟ್ಟಿಗೆಯಲ್ಲಿ ಮೊದಲು ಇದ್ದದ್ದು ಹುಳ ಬಾರದ ಹಾಗೆ ಇಡುವ ಒಣಗಿದ ಲಕ್ಕಿಸೊಪ್ಪು. ಏಳೆಂಟು ವರ್ಷದ ಹಿಂದೆ ಒಂದು ಸೀರೆಗೆ ಹುಳ ಹಿಡಿದಾಗ ಆ ಸೊಪ್ಪನ್ನು ಗುಡಿಸಿ ಹೊರಗೆ ಎಸೆದವಳು ನಾನು. ಪಕ್ಕದ ಮನೆಯ ಸಾಹುಲ್ ಹಮೀದರ ಅಂಗಡಿಯಿಂದ ನುಸಿಗುಳಿಗೆ ತಂದು ಮಡಿಕೆ ಮಡಿಕೆಗೆ ಇಟ್ಟವಳೂ, ವರ್ಷ ವರ್ಷ ಹೊಸದು ಹಾಕುತ್ತ ಬಂದವಳೂ ನಾನೇ. ವಾಸನೆಗೆ ತಲೆನೋವು ಬರ್ತದೆ ಎಂದು ಅತ್ತೆ ಗೊಣಗಿದ್ದರು. ನೀವು ಇನ್ನೂ ಯಾವ ಕಾಲದಲ್ಲಿ ಇದ್ದೀರಿ ಎಂದು ನಾನು ನಕ್ಕಿದ್ದೆ. ಘನ ನೇರವಾಗಿ ಆವಿಯಾಗುವುದಕ್ಕೆ ಹೈಸ್ಕೂಲಿನ ಮಕ್ಕಳು ಉದಾಹರಣೆ ಬರೆಯುವುದು ಇದೇ ಗುಳಿಗೆಯನ್ನು. ಆ ಆವಿ ಎಲ್ಲಿಗೆ ಹೋಗುತ್ತದೆ ಎಂದು ಜೀವಶಾಸ್ತ್ರದ ಮೇಡಂ ಕೇಳಿಕೊಳ್ಳಲಿಲ್ಲ.

ಗಾನಳಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಬಾಣಂತಿ ಫೋನು ನೋಡಿದರೆ ಕಣ್ಣು ಹಾಳು ಎಂದು ಅತ್ತೆ ಅದನ್ನು ಬೇರೆ ಕೋಣೆಯ ಕಪಾಟಿನ ತಲೆಯ ಮೇಲೆ ಇಟ್ಟಿದ್ದರು. ಅವರ ನೂರು ನಿಯಮಗಳಲ್ಲಿ ನಾನು ಒಪ್ಪಿದ್ದ ಒಂದೇ ನಿಯಮ ಅದು. ಅತ್ತೆಗೆ ಫೋನಿಲ್ಲ. ನನ್ನ ಗಂಡ ಮಹಾಗಣಪತಿ ಕಡಬದಲ್ಲಿ, ಕೆಲಸದಲ್ಲಿ. ಮೂರನೇ ಸಲವೂ ಮಗಳ ಫೋನು ರಿಂಗಾಗಿ ನಿಂತಾಗ ನನಗೆ ಅದನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಕೊನೆಗೆ ಸಾಹುಲ್ ಹಮೀದರ ಅಂಗಡಿಗೆ ಮಾಡಿದೆ. ಅವರ ಸೊಸೆ ಶಮೀನಾ ಎತ್ತಿದಳು. ಓಡಿ ಹೋಗಿ ಮಗುವಿನ ಮೈಮೇಲಿನ ಸೀರೆ ತೆಗೆ, ಕಾರಣ ಆಮೇಲೆ ಹೇಳುತ್ತೇನೆ ಎಂದೆ. ಅವಳು ಕಾರಣ ಕೇಳಲಿಲ್ಲ.

ಐದು ನಿಮಿಷಕ್ಕೆ ಅವಳದ್ದೇ ಫೋನು ಬಂತು. "ಸೀರೆ ತೆಗ್ದಾಯ್ತು ಟೀಚರ್. ಹೊಸ ಬಟ್ಟೆ ಆಗುದಿಲ್ಲ ಅಂತ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ರು. ನಾನು ನಮ್ಮ ಮನೆಯ ಟವಲಲ್ಲಿ ಸುತ್ತಿದ್ದೇನೆ. ಮಗು ಹಾಲು ಕುಡೀತಾ ಇಲ್ಲ. ಎಂತ ಮಾಡುದು?"

ಫೋನನ್ನು ಮುರಳಿ ತೆಗೆದುಕೊಂಡು ಕೂಡಲೇ ಕರೆತರಲು ಹೇಳಿದ. ಶಮೀನಾಳ ಗಂಡ ಶಾಫಿ ಕಾರು ಹೊರಡಿಸಿದ. ನಾನೂ ಎದುರು ಹೊರಡುತ್ತೇನೆ ಎಂದರೆ ಮುರಳಿ ಬಿಡಲಿಲ್ಲ, ಈ ಸ್ಥಿತಿಯಲ್ಲಿ ಗಾಡಿ ಬಿಡಬೇಡಿ ಎಂದ.

ಸುಳ್ಯದಿಂದ ಪುತ್ತೂರಿಗೆ ಒಂದು ಗಂಟೆ. ಆ ಒಂದು ಗಂಟೆ ನಾನು ಆಸ್ಪತ್ರೆಯ ಗೇಟಿನಲ್ಲಿ ನಿಂತು ಎಲ್ಲರನ್ನೂ ಬಯ್ದೆ. ಗುಳಿಗೆ ಮಾರುವವರನ್ನು, ಹಳೆ ಸೀರೆಯೇ ಬೇಕು ಎಂದ ಪೂರ್ವಜರನ್ನು, ಜಾಲ್ಸೂರಿನಲ್ಲಿ ಲಾರಿ ಅಡ್ಡ ನಿಂತಿದೆ ಎಂದು ಫೋನು ಮಾಡಿದ ಶಾಫಿಯನ್ನು. ಬಯ್ಗುಳ ಸುತ್ತಿ ಸುತ್ತಿ ನನ್ನ ಕಾಲಬುಡಕ್ಕೇ ಬಂದು ಬೀಳುತ್ತಿತ್ತು. ತಪ್ಪಿದೆ ಎಂದು ತಿಳಿಯುವುದು ಹೇಗೆ ಎಂದು ತನ್ಮಯೀ ಕೇಳಿದ್ದಳು. ಹೀಗೆ, ಎರಡನೇ ಮಗುವೂ ಹಳದಿಯಾದ ಮೇಲೆ.

ಕಾರು ಬಂತು. ಗಾನಳ ಮಡಿಲಲ್ಲಿ ಹಸಿರು ಟವಲಿನೊಳಗೆ ಅವನು ನಿತ್ರಾಣವಾಗಿ ಮಲಗಿದ್ದ. ಹಿಂದಿನ ಸೀಟಿನಿಂದ ಅತ್ತೆಯೂ ಇಳಿದರು, ಬೇಡವೆಂದರೂ ಹತ್ತಿದರಂತೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಆ ನೀಲಿ ಸೀರೆ. ಅದರಲ್ಲಿ ಎಂತ ಉಂಟು ಎಂದು ಡಾಕ್ಟರಿಗೇ ತೋರಿಸಬೇಕೆಂದು ಗಟ್ಟಿಯಾಗಿ ಗಂಟು ಹಾಕಿ ತಂದಿದ್ದರು.

ಮಗುವನ್ನು ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಮೂರು ದಿನ. ಗುರುವಾರ ಸಂಜೆ ಕಾಮಾಲೆ ಏರಿತು, ರಕ್ತ ಬದಲಿಸಬೇಕಾದೀತು ಎಂದರು. ಶುಕ್ರವಾರ ಏರುವುದು ನಿಂತಿತು. ಅತ್ತೆ ಒಳಗೆ ಬರಲೇ ಇಲ್ಲ. ಹಗಲಿಡೀ ಹೊರಗಿನ ಬೆಂಚಿನ ತುದಿಯಲ್ಲಿ ಚೀಲ ಹಿಡಿದು ಕೂತಿರುತ್ತಿದ್ದರು. ನಾನು ಅವರ ಎದುರಿನಿಂದ ಹತ್ತು ಸಲ ಹೋದೆ, ಹತ್ತು ಸಲವೂ ಚಾ ತರುವ ನೆವದಲ್ಲಿ ದಾಟಿಬಿಟ್ಟೆ. ಮೊದಲ ಮಗುವಿಗೂ ಇದೇ ಆಗಿದ್ದೀತೇ ಎಂದು ಮುರಳಿಯನ್ನು ಕೇಳಿದ್ದೆ. ಈಗ ಸಾಬೀತು ಮಾಡಲಾಗದು, ಆದರೆ ನನಗಂತೂ ಸಂಶಯ ಇಲ್ಲ ಎಂದಿದ್ದ. ಅವನ ಅಷ್ಟು ಮಾತಿನ ಹಿಂದೆ ಅಡಗಿ ಕೂರಬಹುದಿತ್ತು. ಹೇಳಬೇಕಾದವಳು ನಾನು, ಹೇಳಲಾಗದೆ ಒದ್ದಾಡುವವಳೂ ನಾನು. ಆ ಮೂರು ದಿನ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಭಾನುವಾರ ಮಧ್ಯಾಹ್ನ ಮುರಳಿ ಹೊರಗೆ ಬಂದು, ಇಳೀತಾ ಉಂಟು, ಇನ್ನು ಹೆದರುದು ಬೇಡ ಎಂದ. ಅಂದು ಹನ್ನೊಂದನೇ ದಿನ, ಹೆಸರಿಡಬೇಕಾದ ದಿನ. ನಾನು ಅತ್ತೆಯ ಪಕ್ಕ ಕೂತೆ.

"ದೇವಕಿ, ಈ ಸೀರೆಗೆ ಎಂತ ಆಗಿದೆ?" ಎಂದರು ಅವರು. "ಯಾರೂ ನನಗೆ ಹೇಳುದಿಲ್ಲ."

ಹೇಳಿದೆ. ಭಟ್ಟರ ಪುಸ್ತಕ, ಚೀಟಿ, ಬಿಸಿಲಿಗೆ ಹಳಸುವ ಸಾರು. ತಪ್ಪಿದ ಅಕ್ಷರ ನನ್ನ ತವರಿನದ್ದು, ಅದನ್ನು ಕೆರಳಿಸಿದ್ದು ನುಸಿಗುಳಿಗೆಯ ಆವಿ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಗಮನ ಕೊಟ್ಟು ಆ ಪಾಠ ಕೇಳಿದವರು ಇನ್ನೊಬ್ಬರಿಲ್ಲ. ಅವರು ಮಾರ್ಕು ಕೇಳಲಿಲ್ಲ.

"ಮೊದಲಿನವನಿಗೆ ಸುತ್ತಿದ್ದೂ ಅದೇ ಪೆಟ್ಟಿಗೆಯದ್ದು."

"ಹೌದು ಅತ್ತೆ. ಗುಳಿಗೆ ಹಾಕಿದ್ದು ನಾನು."

ಅವರು ಚೀಲದ ಗಂಟನ್ನು ತಿರುವಿದರು. ಆಮೇಲೆ ಕೇಳಿದ್ದು ನನಗೆ ಕೇಳಿಸಲೂ ಇಲ್ಲ, ಎರಡನೇ ಸಲ ಹೇಳಬೇಕಾಯಿತು.

"ಹಾಗಾದ್ರೆ ನಾನು ಕೊಂದದ್ದಲ್ವಾ?"

ಹಮ್ಮು ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಎರಡು ವರ್ಷ ಈ ಮುದುಕಿ ತನ್ನ ಕೈಗೆ ಹೆದರಿ ಬದುಕಿದ್ದರು.

"ಅಲ್ಲ ಅತ್ತೆ," ಎಂದೆ. "ಮದ್ದಿನಿಂದ ಒಂದು ದಿನ ತಡ ಆದದ್ದು ಹೌದು. ಆದ್ರೆ ಮೂಲ ಅದಲ್ಲ. ನಾನು ನಿಮ್ಮ ಮೇಲೆ ಹಾಕಿದ್ದು ನನ್ನ ತಪ್ಪನ್ನು."

ತಲೆಯೆತ್ತಿದರೆ ಬಾಗಿಲಲ್ಲಿ ಗಾನಶ್ರೀ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಕೇಳಬೇಕಾಗಿರಲಿಲ್ಲ, ಅವಳ ಮುಖ ಬಿಳಿಚಿತ್ತು. ಅಭ್ಯಾಸದಿಂದ ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಅಜ್ಜಿಯ ಮುಂದೆ ನಿಂತಳು.

ಅತ್ತೆ ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಂಡರು. ಒರೆಸಿಕೊಂಡವರು ನಿಂತು, ಆ ಸೆರಗನ್ನು ಮೂಗಿಗೆ ಹಿಡಿದು ನೋಡಿದರು. ಮತ್ತೆ ಅದನ್ನು ನನ್ನ ಕಡೆ ನೀಡಿದರು.

"ಇದು ನಿತ್ಯ ಉಡುದು, ಹಗ್ಗದಲ್ಲಿ ಒಣಗಿದ್ದು," ಎಂದರು. "ಇದು ಆಗ್ತದಾ ದೇವಕಿ, ನೋಡು."

ನಾನು ಬಗ್ಗಿ ಮೂಸಿದೆ. ಸೋಪು ಮತ್ತು ಬಿಸಿಲಿನ ವಾಸನೆ. ಆಗ್ತದೆ ಅತ್ತೆ ಎಂದೆ. ಗಾನ ಮಗುವನ್ನು ಅವರ ಮಡಿಲಲ್ಲಿ ಇಟ್ಟಳು, ನನ್ನ ಕಡೆ ನೋಡಲಿಲ್ಲ.