ಬೆನ್ನ ಮೇಲಿನ ಜಿಪ್ಪು

"ಹಾಕಲ್ಲ ಅಂದ್ರೆ ಹಾಕಲ್ಲ," ಎಂದು ಗಂಡ ಹಾಸಿಗೆಯಲ್ಲೇ ಗೋಡೆಯ ಕಡೆಗೆ ಹೊರಳಿದ.

ಅವಳು ಅವನಿಗೆ ಬೆನ್ನು ಮಾಡಿ ನಿಂತೇ ಇದ್ದಳು. ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟಿದ್ದಳು, ಜಿಪ್ಪು ಬೆನ್ನಿಗೆ ಬರುವಂತೆ. ಹಾಗೆ ತೊಟ್ಟರೆ ಎದುರುಗಾಳಿ ಜಿಪ್ಪಿನ ಸಂದಿಯಿಂದ ಎದೆಗೆ ನುಗ್ಗುವುದಿಲ್ಲ. ನಸುಕಿನಲ್ಲಿ ಬೈಕಿನ ಮೇಲೆ ಬ್ರೆಡ್ಡು ಹಂಚುವವರೆಲ್ಲ ಮಾಡುವುದು ಹೀಗೆಯೇ. ತೊಂದರೆ ಒಂದೇ, ಜಿಪ್ಪು ಎಳೆಯಲು ಇನ್ನೊಬ್ಬರ ಕೈ ಬೇಕು. ಇಷ್ಟು ದಿನ ಆ ಕೈ ಗಂಡನದಾಗಿತ್ತು.

"ಯಾಕಂತೆ?"

"ಮಂಡಿ ಸರಿಹೋಯ್ತು ಅಂತ ಡಾಕ್ಟರೇ ಹೇಳಿದಾರಲ್ಲ. ಇವತ್ತಿಂದ ನಾನು ಹೋಗ್ತೀನಿ. ನೀನು ಮನೇಲಿ ಬೆಚ್ಚಗಿರು."

"ಬೆಚ್ಚಗೇ ಇದೀನಿ. ಗಾಳಿ ತಡೆಯೋಕೆ ಜಾಕೆಟ್ಟಿನೊಳಗೆ ಎದೆಗೆ ಪೇಪರ್ ಇಟ್ಕೊಂಡಿದೀನಿ."

"ಜನ ಆಡ್ಕೊಳ್ತಾರೆ ಕಣೇ. ಗಂಡ ಕಂಬಳಿ ಹೊದ್ಕೊಂಡು ಬಿದ್ದಿರ್ತಾನೆ, ಹೆಂಡ್ತಿ ಚಳೀಲಿ ನಡುಗ್ತಾಳೆ ಅಂತ."

"ನಡುಗೋದೆಲ್ಲ ಹೋದ ವರ್ಷಕ್ಕೇ ಮುಗೀತು ರೀ."

ಅದು ನಿಜವೇ. ಹೋದ ಚಳಿಗಾಲ ಇವನು ಮೆಟ್ಟಿಲಿನಿಂದ ಜಾರಿ ಮಂಡಿ ಮುರಿದುಕೊಂಡಾಗ ವಿಧಿಯಿಲ್ಲದೆ ಇವನ ಬದಲಿಗೆ ಗಾಡಿ ಹತ್ತಿದವಳು ಅವಳು. ಮೊದಲ ವಾರವೇ ಬೆರಳು ಮರಗಟ್ಟಿ, ಬ್ರೇಕು ಹಿಡಿಯಲಾಗದೆ, ಗಾಡಿಯನ್ನು ಬೇಕರಿಯ ಬಾಗಿಲಿಗೇ ಗುದ್ದಿದಳು. ಆಮೇಲೆ ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗವಸನ್ನೂ ಏರಿಸಿದಳು. ಬೇಸಿಗೆಯಲ್ಲಿ ಮಧ್ಯಾಹ್ನದ ಬ್ರೆಡ್ಡು ಹಂಚಲು ಅರೆತೋಳಿನ ಅಂಗಿ ತೊಟ್ಟು ಹೋಗಿ ತೋಳು ಸುಟ್ಟುಕೊಂಡು ಬಂದಳು. ಮರುದಿನದಿಂದ ಗಂಡನ ತುಂಬುತೋಳಿನ ಹತ್ತಿ ಅಂಗಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಸಿಹಸಿಯಾಗಿಯೇ ತೊಟ್ಟು ಹೊರಟಳು. ಅದು ಒಣಗುವವರೆಗೆ ಬಿಸಿಲು ಅವಳ ತಂಟೆಗೆ ಬರುತ್ತಿರಲಿಲ್ಲ. "ಬಟ್ಟೆ ಒಣಗಿಸೋಕೆ ಊರೆಲ್ಲ ಸುತ್ತಬೇಕಾ?" ಎಂದು ಇವನು ನಕ್ಕಿದ್ದ. ನಗಲಿ ಬಿಡಿ. ಮೈ ನೋಯಿಸಿಕೊಂಡು ಕಲಿತದ್ದನ್ನು, ಮಂಡಿ ಸರಿಹೋಯಿತೆಂದು ಇವನು ಹೇಳಿದ ಮಾತ್ರಕ್ಕೆ ಬಿಟ್ಟುಕೊಡುವುದೇ? ಅವಳಿಗೆ ಆ ಗಾಡಿ ಬೇಕಿತ್ತು. ಖಾಲಿ ರಸ್ತೆ, ಬಿಸಿ ಬ್ರೆಡ್ಡಿನ ವಾಸನೆ, ಯಾರೂ ಹೆಸರು ಹಿಡಿದು ಕೂಗದ ಆ ಹೊತ್ತು, ಎಲ್ಲವೂ ಬೇಕಿತ್ತು.

"ಆಯ್ತು," ಎಂದವಳೇ ಗಾಡಿಯ ಕೀ ತೆಗೆದುಕೊಂಡು, ಜಿಪ್ಪು ಬಿಚ್ಚಿದ್ದ ಹಾಗೆಯೇ ಬೀದಿಗಿಳಿದಳು.

ಎದುರಿನ ಹಾಲಿನ ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಅವಳು ನೇರ ಹೋಗಿ ಅಂಗಡಿಯವಳಿಗೆ ಬೆನ್ನು ತಿರುಗಿಸಿದಳು.

"ಅಕ್ಕಾ, ಇದೊಂದು ಎಳೀರಿ."

"ಯಾಕಮ್ಮ, ನಿಮ್ಮೆಜಮಾನ್ರು ಇಲ್ವಾ?"

"ಇದಾರೆ. ಕೈನೋವು ಅವರಿಗೆ."

"ಮಂಡಿ ಅಲ್ವಾ ನೋವಿದ್ದಿದ್ದು?"

"ಮಂಡಿ ವಾಸಿಯಾಯ್ತು. ಈಗ ಕೈಗೆ ಬಂದಿದೆ."

ಹಾಲಿಗೆ ನಿಂತವರು ಗೊಳ್ಳೆಂದು ನಕ್ಕರು. ಅಂಗಡಿಯವಳು ಜಿಪ್ಪನ್ನು ಕುತ್ತಿಗೆಯವರೆಗೂ ಎಳೆದು ಬೆನ್ನು ತಟ್ಟಿದಳು. ನಗು ಮನೆಯೊಳಗೂ ಕೇಳಿಸಿರಬೇಕು, ಗಂಡ ತೆಳ್ಳನೆಯ ಸ್ವೆಟರಿನಲ್ಲೇ ಧಡಧಡ ಬಂದ. ಅಷ್ಟರಲ್ಲಿ ಅವಳು ಗಾಡಿ ಶುರುಮಾಡಿ ಕೂತಾಗಿತ್ತು.

"ಬೀದೀಲಿ ಮಾನ ಕಳೀತೀಯ? ಇಳಿ. ನಾನು ಓಡಿಸ್ತೀನಿ."

"ಬರೋದಾದ್ರೆ ಬನ್ನಿ. ಹಿಂದೆ ಜಾಗ ಇದೆ."

"ನಾನು ಹಿಂದೆ ಕೂತ್ಕೋಬೇಕಾ?"

"ಮುಂದೆ ನಾನಿದೀನಲ್ಲ." ಅವಳು ಗಾಡಿಗೆ ತೂಗುಹಾಕಿದ್ದ ಚೀಲದಿಂದ ಹಳೆಯ ಪೇಪರೊಂದನ್ನು ತೆಗೆದು ಚಾಚಿದಳು. "ತಗೊಳ್ಳಿ, ಎದೆಗೆ ಇಟ್ಕೊಳ್ಳಿ."

"ನನಗೇನೂ ಬೇಡ."

"ನಿಮ್ಮಿಷ್ಟ."

ಅವನು ಅಂಗಡಿಯ ಕಡೆ ನೋಡಿದ. ಹಾಲು ತೆಗೆದುಕೊಂಡವರೂ ಅಲ್ಲಿಂದ ಕದಲಿರಲಿಲ್ಲ. ವಾಪಸು ಮನೆಗೆ ನಡೆದರೆ ಇನ್ನೊಂದು ನಗು ಕಾದಿತ್ತು. ಹಿಂದೆ ಕೂತವರು ಕಾಲಿಡುವ ಕಡ್ಡಿಗಳು, ಒಂದು ವರ್ಷ ಯಾರೂ ತುಳಿಯದೆ, ತುಕ್ಕು ಹಿಡಿದು ಮಡಚಿಕೊಂಡಿದ್ದವು. ಅವನು ಬಗ್ಗಿ ಒಂದೊಂದನ್ನೇ ಕೈಯಿಂದ ಎಳೆದು ಬಿಡಿಸಿದ. ಅವಳು ತಿರುಗಿ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಗಾಡಿ ಅವನ ಭಾರಕ್ಕೆ ಕುಗ್ಗಿದಾಗ ಗೇರು ಹಾಕಿದಳು.

ಮೊದಲ ತಿರುವು ದಾಟುತ್ತಲೇ ಬಯಲಿನ ಗಾಳಿ ಎದುರಾಯಿತು. ಅವನು ಸ್ವಲ್ಪ ಹೊತ್ತು ನೆಟ್ಟಗೆ ಕೂತಿದ್ದ. ಆಮೇಲೆ ತಲೆ ತಗ್ಗಿಸಿ, ಅವಳ ಬೆನ್ನಿನ ಮರೆಗೆ ಸರಿದ.