ಏಳು ಕೊಡ ಸಮುದ್ರ

ಮತ್ತೆ ಇಪ್ಪತ್ತಮೂರು, ಉಪ್ಪು ಅಳೆಯುವ ಗಾಜಿನ ಕಡ್ಡಿ ನೀರಿನಲ್ಲಿ ತೂಗಾಡಿ ತೂಗಾಡಿ ಕಡೆಗೂ ನಿಂತದ್ದು ಇಪ್ಪತ್ತಮೂರರ ಗೀಟಿಗೆ, ಒಂದು ಗೀಟು ಕಡಿಮೆ, ಅಯ್ಯ ಶಿವನೇ, ಮೊನ್ನೆ ತಾನೇ ಹತ್ತು ತೊಲ ಉಪ್ಪು ಹಾಕಿದ್ದಳಲ್ಲ ಗುರುಲಿಂಗಮ್ಮ, ಎಲ್ಲಿ ಹೋಯಿತು ಅದು, ಯಾರು ತಿಂದರು — ನೆತ್ತಿಯ ಮೇಲೆ ಹಿತ್ತಲಿನ ಚಪ್ಪರದ ತಗಡು ಚಟಚಟ ಅನ್ನುತ್ತಿದೆ, ಪಡಸಾಲೆಯಲ್ಲಿ ಅತ್ತೆ ಶಿವಬಸಮ್ಮನ ಗೊರಕೆ, ಕೊಪ್ಪಳದ ಬೇಸಿಗೆಯಲ್ಲಿ ಮೂರು ಗಂಟೆ ಅಂದರೆ ಬೀದಿನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತು, ಇವಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಸಂಜೆಯ ಗಾಡಿಗೆ ಇವರು, ಇವಳ ಗಂಡ, ಬರುತ್ತಾರೆ, ಹೈದರಾಬಾದಿನಲ್ಲಿ ಮಾಸ್ತರರ ತರಬೇತಿ ಮುಗಿಸಿಕೊಂಡು, ಬಂದವರು ಕಾಲಿಗೆ ನೀರು ಸಹ ಹಾಕಿಕೊಳ್ಳದೆ ಈ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಎಣಿಸುತ್ತಾರೆ, ಎಣಿಸುವುದಕ್ಕೆ ಇನ್ನೇನಿದೆ ಮಣ್ಣು, ಎರಡು ಮೀನಿದ್ದವು, ನಿನ್ನೆ ಬೆಳಿಗ್ಗೆ ನೋಡಿದರೆ ಒಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು, ಅರಿಶಿನದಂಥ ಮೈ, ಎರಡು ಕಪ್ಪು ಪಟ್ಟೆ, ಅಂಗೈಯಗಲ ಜೀವ, ನುಗ್ಗೆಗಿಡದ ಬುಡದಲ್ಲಿ ಕುಣಿ ತೋಡಿ ಮುಚ್ಚಿದಳು, ಮುಚ್ಚುವಾಗ ಅತ್ತೆ ಹಿಂದೆ ನಿಂತು ಅಂದದ್ದೇನು, ಒಂದು ಹೋತು, ಇನ್ನೊಂದು ಹೋದ್ರ ಮನಿ ಶುದ್ಧ ಆಗತೈತಿ ನೋಡು.

ಮಾರ್ಮಗೋವೆಯಿಂದ ಸಮುದ್ರವನ್ನೇ ಸೀಮೆಎಣ್ಣೆ ಡಬ್ಬಿಗಳಲ್ಲಿ ತುಂಬಿಸಿ ರೈಲಿಗೆ ಹಾಕಿಕೊಂಡು ಬಂದಿದ್ದರು ಇವರು, ಏಳು ಕೊಡ ನೀರು, ಎರಡು ಮೀನು, ಸಾಲಿ ಹುಡುಗರು ಸಮುದ್ರ ನೋಡಿಲ್ಲ, ನೋಡ್ಲಿ ಅಂತ — ಬೇಸಿಗೆ ರಜೆಗೆ ಶಾಲೆಗೆ ಬೀಗ ಬಿತ್ತು, ಮೀನು ಮನೆಗೆ ಬಂದವು, ಲಿಂಗ ಕಟ್ಟಿದವರ ಮನಿಯಾಗ ಮೀನೇನೋ ದೇವೇಂದ್ರಾ ಅಂತ ಅತ್ತೆ ಹೊಸ್ತಿಲಲ್ಲೇ ಅಡ್ಡ ಕೂತರು, ಕಡೆಗೆ ಹಿತ್ತಲಿನ ತಗಡಿನ ಕೆಳಗೆ ಆದರೆ ಆಗಲಿ ಅಂದರು. ಹೋಗುವ ಮುಂಜಾನೆ ಇವರು ಕಡ್ಡಿ ಕೈಗೆ ಕೊಟ್ಟು ಹೇಳಿದ್ದು ಇವಳಿಗೆ ಬಾಯಿಪಾಠ, ನೋಡು, ಕಡ್ಡಿ ಇಪ್ಪತ್ನಾಕಕ್ಕ ನಿಲ್ಲಬೇಕು, ಮುಳುಗಿ ಇಪ್ಪತ್ಮೂರು ತೋರಿಸಿದ್ರ ಉಪ್ಪು ಕಡಿಮಿ ಆಗೇತಿ ಅಂತ, ಎದ್ದು ಇಪ್ಪತ್ತೈದು ತೋರಿಸಿದ್ರ ಹೆಚ್ಚಾಗೇತಿ ಅಂತ, ಒಂದು ಗೀಟಿಗೆ ಹತ್ತು ತೊಲಿ ಉಪ್ಪಿನ ಲೆಕ್ಕ, ಮೂರು ವಾರ ಇವನ್ನ ಉಳಿಸಿ ತೋರ್ಸು, ನಾನs ನಿನ್ನ ಗದಗಿನ ದವಾಖಾನಿಗೆ ಕರ್ಕೊಂಡು ಹೋಗಿ ಬಿಡ್ತೀನಿ, ಹೆರಿಗಿ ಮಾಡಸೂದು ಕಲಿ, ಅಳತಿ ತಪ್ಪದ ಕೈ ಅದು ಅಂತ ನನಗೂ ಗೊತ್ತಾಗ್ಲಿ. ಗದಗ! ತಾವರಗೇರಾದಲ್ಲಿ ಅಕ್ಕ ಕಳಕಮ್ಮ ಮೂರು ದಿನ ಹೆರಿಗೆ ನೋವು ತಿಂದು, ಕುಷ್ಟಗಿಗೆ ಹೊರಟ ಚಕ್ಕಡಿಯಲ್ಲೇ ಕಣ್ಣು ಮುಚ್ಚಿದ ದಿನದಿಂದ ಇವಳ ತಲೆಯಲ್ಲಿ ಅದೊಂದೇ ಹುಳ, ಬಲ್ಲ ಒಬ್ಬ ಹೆಂಗಸು ಹತ್ತಿರದಲ್ಲಿ ಇದ್ದಿದ್ದರೆ, ಒಬ್ಬಳೇ ಒಬ್ಬಳು — ಈಗ ತಕ್ಕಡಿಯಲ್ಲಿ ಹತ್ತು ತೊಲ ಹರಳುಪ್ಪು ತೂಗಿ ಕೂತಿದೆ, ಹಾಕಲೋ ಬೇಡವೋ, ಹಾಕು, ಲೆಕ್ಕ ಹೇಳುತ್ತದೆ ಹಾಕು ಅಂತ, ಇದು ಸೇರಿದರೆ ಐದನೆಯ ಸಲ, ಹಾಕಿದ ಹಾಗೆಲ್ಲ ಮೀನು ಮಂಕಾದವಲ್ಲ, ಹಾಕು, ಹಾಕಬೇಡ, ಥೂ ಇವಳ, ಒಂದು ಮುಷ್ಟಿ ಉಪ್ಪಿಗೆ ಇಷ್ಟು ಒದ್ದಾಟ.

ಪೆಟ್ಟಿಗೆಯ ಗಾಜಿನ ಅಂಚಿಗೆ ಬಿಳಿಯ ಕಟ್ಟು ಕಟ್ಟಿದೆ, ಕೆರೆದರೆ ಉಗುರಿಗೆ ಉಪ್ಪು ಬರುತ್ತದೆ, ಆರಿದಷ್ಟನ್ನು ದಿನಾ ಸೀನೀರಿನಿಂದ ತುಂಬುತ್ತಾಳೆ, ಆದರೂ ನಿನ್ನೆಗಿಂತ ನೀರು ಅರ್ಧ ಬೆರಳು ಇಳಿದಿದೆ, ಆರಿ ಹೋಗಿದೆ, ಆರುವುದು ನೀರು, ಉಪ್ಪು ಆರುವುದಿಲ್ಲ, ಸಾರು ಬತ್ತಿದರೆ ಉಪ್ಪಾಗುತ್ತದೆಯೇ ಹೊರತು ಸಪ್ಪೆ ಆಗುತ್ತದೆಯೇ, ಹಾಗಾದರೆ ಕಡ್ಡಿ ಯಾಕೆ ಕಡಿಮೆ ಅನ್ನುತ್ತದೆ, ಯಾಕೆ, ಯಾಕೆ — ಇವಳು ಸುತ್ತ ನೋಡಿದಳು, ಗೊರಕೆ ನಡೆದೇ ಇದೆ, ಬೆರಳು ಅದ್ದಿ ನಾಲಿಗೆಗೆ ಇಟ್ಟೇಬಿಟ್ಟಳು, ಅತ್ತೆ ಕಂಡಿದ್ದರೆ ಊರೇ ಕೂಡುತ್ತಿತ್ತು, ವ್ಯಾ, ಕಹಿಕಹಿ ಉಪ್ಪು, ಉಪ್ಪಿನಕಾಯಿಯ ಭರಣಿಯ ತಳ ನೆಕ್ಕಿದ ಹಾಗೆ, ಮತ್ತು ಬೆಚ್ಚಗೆ, ಏನು ಬೆಚ್ಚಗೆ, ಬಾಣಂತಿಗೆ ಎರೆಯಬಹುದು ಅಷ್ಟು ಬಿಸಿ. ಬಿಸಿ. ಅಪ್ಪ ತಾವರಗೇರಾದ ಎಣ್ಣೆ ಅಂಗಡಿಯಲ್ಲಿ ಗಿರಾಕಿಗೆ ಕೈ ಮುಗಿಯುತ್ತಿದ್ದರು, ಈಗ ಬ್ಯಾಡ್ರಿ, ಮಧ್ಯಾಹ್ನದಾಗ ಎಣ್ಣಿ ಉಬ್ಬಿರತೈತಿ, ಅಳದ್ರ ನಿಮಗ ಲುಕ್ಸಾನು, ಮುಂಜಾನಿ ತಂಪೊತ್ತಿನ್ಯಾಗ ಬರ್ರಿ — ಬಿಸಿಗೆ ಉಬ್ಬುತ್ತದೆ, ಉಬ್ಬಿದ್ದು ಹಗುರಾಗುತ್ತದೆ, ಹಗುರ ನೀರಿನಲ್ಲಿ ಕಡ್ಡಿ ಮುಳುಗುತ್ತದೆ, ಅಯ್ಯೋ ನನ್ನ ಕರ್ಮವೇ, ಮುಳುಗುವುದು ಉಪ್ಪು ಕಡಿಮೆಯಾಗಿ ಅಲ್ಲ! ಇವರು ಅಳೆಯುತ್ತಿದ್ದುದು ನಸುಕಿನಲ್ಲಿ, ಎದ್ದ ಕೂಡಲೇ, ಹಲ್ಲು ಉಜ್ಜುವುದಕ್ಕೂ ಮೊದಲು, ಇವಳಿಗೆ ನಸುಕಿನಲ್ಲಿ ಆ ನೀರು ಮುಟ್ಟುವ ಹಾಗಿಲ್ಲ, ಗೀಟು ಕಾಣುವಷ್ಟು ಬೆಳಕಾಗುವ ಮೊದಲೇ ಇವಳ ಜಳಕ ಆಗಿರುತ್ತದೆ, ಮೀನಿನ ನೀರು ಮುಟ್ಟಿದ ಕೈ ಜಳಕ ಆಗದೆ ಒಲೆ ಮುಟ್ಟಬಾರದು, ಪೂಜೆಯ ಸಾಮಾನು ಮುಟ್ಟಬಾರದು, ಅತ್ತೆಯ ಕಟ್ಟಪ್ಪಣೆ, ಹಾಗಾಗಿ ಲಿಂಗಪೂಜೆ, ಅಡುಗೆ, ಎಲ್ಲರ ಊಟ, ಮುಸುರೆ, ಎಲ್ಲ ಮುಗಿದ ಮೇಲೆ ಮೂರು ಗಂಟೆಗೆ ಕಡ್ಡಿ ಇಳಿಬಿಡುವುದು, ಆಮೇಲೆ ಜಳಕ, ಎಷ್ಟು ಹೊತ್ತಿಗೆ ಅಳೆಯಬೇಕು ಅಂತ ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಬಿಸಿಲು ಏರಿದ ಹಾಗೆ ಕಡ್ಡಿ ಇಳಿಯಿತು, ಕಡ್ಡಿ ಇಳಿದ ಹಾಗೆ ಇವಳು ಉಪ್ಪು ಸುರಿದಳು, ನಾಲ್ಕು ಸಲ, ನಲವತ್ತು ತೊಲ, ನಿಯತ್ತಿನಿಂದ ತೂಗಿ ತೂಗಿ, ಒಂದು ಹರಳು ಹೆಚ್ಚಿಲ್ಲ ಕಡಿಮೆಯಿಲ್ಲ.

ಅಲ್ಲ, ಹೀಗೆ ಊಹೆಯ ಮೇಲೆ ಕೂತರೆ ಆಗದು, ನೋಡಿಬಿಡಬೇಕು — ಉದ್ದನೆಯ ಚೊಂಬಿಗೆ ಪೆಟ್ಟಿಗೆಯ ನೀರು ತುಂಬಿ, ಒದ್ದೆ ಅರಿವೆ ಸುತ್ತಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಕೆಳಗಿನ ಹಸಿ ಮರಳಿನಲ್ಲಿ ಹೂತಿಟ್ಟಳು, ಕಾಯ್ದಳು, ಕಾಯುವುದು ಅಂದರೆ ಅಂಗಳಕ್ಕೆ ಹೋಗಿ ಬರುವುದು, ಸೆರಗು ಬಿಚ್ಚಿ ಕಟ್ಟುವುದು, ಸ್ಟೇಶನ್ನಿನ ಕಡೆ ಕಿವಿ ಕೊಡುವುದು, ಇಷ್ಟು ಸಾಕೇ, ಇನ್ನೂ ಬೆಚ್ಚಗಿದೆ, ಇನ್ನಷ್ಟು, ಕಡೆಗೆ ಕಡ್ಡಿ ಇಳಿಬಿಟ್ಟಳು, ಅದು ತೂಗಾಡಿತು, ಎದ್ದಿತು, ನಿಂತಿತು. ಇಪ್ಪತ್ತೆಂಟು. ಇಪ್ಪತ್ನಾಲ್ಕಿಗೆ ನಾಲ್ಕು ಹೆಚ್ಚು, ನಾಲ್ಕು ಸಲ ಹಾಕಿದ ನಾಲ್ಕು ಗೀಟು, ಲೆಕ್ಕ ಎಷ್ಟು ಚೊಕ್ಕ ಕೂತಿತು ನೋಡು ಪಾಪಿಷ್ಠ ಲೆಕ್ಕ. ಹಾಗಾದರೆ ನುಗ್ಗೆಗಿಡದ ಬುಡದಲ್ಲಿ ಇರುವುದು ಬಿಸಿಲಿಗೆ ಸತ್ತದ್ದಲ್ಲ, ದೇವರು ಒಯ್ದದ್ದಲ್ಲ, ಇವಳ ಕೈ, ಈ ಕೈ. ಅಳಬೇಡ, ಅಳುವುದಕ್ಕೆ ಆಮೇಲೆ ಪುರುಸೊತ್ತು ಇದೆ, ಏಳು ಕೊಡ ನೀರು, ಏಳು ನಾಲ್ಕಲೆ ಇಪ್ಪತ್ತೆಂಟು, ಒಂದು ಕೊಡ ತೆಗೆದು ಒಂದು ಕೊಡ ಸೀನೀರು ಹಾಕಿದರೆ ನಾಲ್ಕು ಹೋಗಿ ಇಪ್ಪತ್ನಾಲ್ಕು, ಸರಿ, ಸೀನೀರು ಎಲ್ಲಿದೆ — ಮನೆಯ ಬಾವಿ ಸವಳು, ಕುಡಿಯುವ ಗಡಿಗೆಯಲ್ಲಿ ತಳಕ್ಕೆ ಒಂದು ತಂಬಿಗೆ, ಊರಾಚೆಯ ಬಾವಿಗೆ ಹೋಗಿ ಬರುವಷ್ಟರಲ್ಲಿ ಗಾಡಿ ಬಂದು ಹೋಗಿರುತ್ತದೆ, ಮೂಲೆಯಲ್ಲಿ ಅರಿವೆ ಮುಚ್ಚಿಟ್ಟ ತಾಮ್ರದ ಕೊಡ ಇದೆ, ತುಂಬಿದ ಕೊಡ, ಅತ್ತೆ ಒದ್ದೆ ಸೀರೆಯಲ್ಲಿ ಹೊತ್ತು ತಂದ ಪೂಜೆಯ ನೀರು. ಮುಟ್ಟಿದಳು, ಎತ್ತಿದಳು, ಮೀನಿನ ಕೈಯಲ್ಲೇ.

ತಂಬಿಗೆ ತೆಗೆ, ತಂಬಿಗೆ ಹಾಕು, ಅವಸರ ಮಾಡಿದರೆ ಜೀವ ತಡೆಯುವುದಿಲ್ಲ ಅಂದಿದ್ದರು ಇವರು, ಮೆಲ್ಲಗೆ, ಗಾಜಿನ ಗುಂಟ ಇಳಿಸು — ಉಳಿದ ಮೀನು ತಳದ ಮೂಲೆಗೆ ಒರಗಿದೆ, ಬಾಲ ಆಡುತ್ತಿಲ್ಲ, ರೆಕ್ಕೆ ಆಡುತ್ತಿಲ್ಲ, ಬಾಯಿ ಮಾತ್ರ ತೆರೆಯುತ್ತದೆ, ಮುಚ್ಚುತ್ತದೆ, ಹನ್ನೊಂದನೆಯ ತಂಬಿಗೆಗೆ ಗೊರಕೆ ನಿಂತದ್ದು ಇವಳಿಗೆ ತಿಳಿಯಲೇ ಇಲ್ಲ. ಬಾಗಿಲಲ್ಲಿ ಶಿವಬಸಮ್ಮ, ಏನs ಅದು, ಪೂಜಿ ನೀರೇನ, ಮೀನಿಗೆ? ಹೌದ್ರಿ ಅತ್ತಿ. ತಲಿ ನೆಟ್ಟಗೈತೇನ ನಿನಗ, ನಾಳಿ ನನ್ನ ಲಿಂಗಕ್ಕ ಏನು ಹಾಕಲಿ, ಕಣ್ಣೀರು ಹಾಕಲೇನ? ನಾ ಹೋಗಿ ತರ್ತೀನ್ರಿ ಅತ್ತಿ, ನಸುಕಿನ್ಯಾಗ ಎದ್ದು ಎರಡು ಕೊಡ ತರ್ತೀನಿ, ಈಗ ಬಿಡ್ರಿ, ನಿನ್ನಿ ಸತ್ತ ಮೀನು ನಾನs ಕೊಂದೀನ್ರಿ, ಉಪ್ಪು ಹಾಕಿ ಹಾಕಿ ಕೊಂದೀನಿ, ತಪ್ಪು ಹೊತ್ತಿನ್ಯಾಗ ಅಳದೀನಿ — ಮಾತು ಬಂದದ್ದೇ ತಡ, ತಡೆದಿದ್ದ ಅಳು ಕಿತ್ತುಕೊಂಡು ಬಂತು, ಆದರೂ ಕೈ ನಿಲ್ಲಿಸಲಿಲ್ಲ, ತೆಗೆ, ಹಾಕು. ಶಿವಬಸಮ್ಮ ಹೊಸ್ತಿಲು ದಾಟಿ ಹತ್ತಿರ ಬಂದು, ದನಿ ತಗ್ಗಿಸಿ, ಅವಗ ಹೇಳಬ್ಯಾಡ, ಬಿಸಿಲಿಗೆ ಸತ್ತಿತು ಅನ್ನು, ಯಾರು ನೋಡ್ಯಾರ, ಹೇಳಿದ್ರ ಗದಗು ಇಲ್ಲ ಏನಿಲ್ಲ, ನನ್ನ ಗತಿನs ನಿನಗ, ಒಲಿ ಊದಿಕೋತ ಕೂಡ್ತಿ. ಎಲಾ ಅತ್ತೆಯೇ, ಇಷ್ಟು ವರ್ಷ ಈ ಮಾತು ಎಲ್ಲಿಟ್ಟಿದ್ದಿರಿ — ಹೌದು, ಬಿಸಿಲಿಗೆ ಸತ್ತಿತು ಅಂದರಾಯಿತು, ಸುಳ್ಳೂ ಅಲ್ಲ ಪೂರ್ತಿ, ಬಿಸಿಲೇ ತಾನೇ ಕಡ್ಡಿಯನ್ನು ಮುಳುಗಿಸಿದ್ದು, ಬಿಸಿಲಿಗೆ ಸತ್ತಿತು, ಬಿಸಿಲಿಗೆ ಸತ್ತಿತು, ಹೇಳಲಿಕ್ಕೆ ಎಷ್ಟು ಹಗುರ, ಗದಗಿನಲ್ಲಿ ಬಿಳಿ ಸೀರೆ, ಔಷಧಿ ಅಳೆಯುವ ಗಾಜು, ಈ ಕೈಯಲ್ಲೇ ಅಳೆಯುವುದು, ತಪ್ಪಿದರೆ ಅಲ್ಲಿ ಸಾಯುವುದು ಮೀನಲ್ಲ, ಅಕ್ಕನಂಥವರು, ಆಗಲೂ ಬಿಸಿಲಿಗೆ ಸತ್ತರು ಅನ್ನುವುದೇ.

ಗಾಡಿ ಕೂಗಿತು, ಟಾಂಗಾದ ಗೆಜ್ಜೆ ಓಣಿಯ ತಿರುವಿನಲ್ಲಿ, ಕೊಡದಲ್ಲಿ ಇನ್ನು ಮೂರು ತಂಬಿಗೆ, ಎರಡು, ಅತ್ತೆ ಮುಂಬಾಗಿಲಿಗೆ ಹೋದರು, ಬಂದ್ಯಾ ತಮ್ಮಾ ಅಂದರು, ಚಪ್ಪಲಿಯ ಸಪ್ಪಳ ಪಡಸಾಲೆ ದಾಟಿ ಹಿತ್ತಲಿಗೇ ಬಂತು, ಎರಡೂ ಛಲೋ ಅದಾವಿಲ್ಲೋ, ಇವರದೇ ದನಿ, ನಗುತ್ತಿರುವ ದನಿ, ಕೊನೆಯ ತಂಬಿಗೆ ಗಾಜಿನ ಗುಂಟ ಇಳಿಯುತ್ತಿದೆ, ಇವಳು ತಿರುಗಿ ನೋಡಲಿಲ್ಲ, ನೋಡಿದರೆ ಹೇಳಲಾಗುವುದಿಲ್ಲ, ಒಂದನ್ನ ನಾನs ಕೊಂದೀನ್ರಿ ಅಂದಳು, ಅಳತಿ ತಪ್ಪೇತಿ ಅಂದಳು, ಹಿಂದೆ ಚಪ್ಪಲಿಯ ಸಪ್ಪಳ ನಿಂತಿದೆ, ಸಿಟ್ಟೋ, ಏನೋ, ಗದಗೋ, ಒಲೆಯೋ, ಯಾಕೆ ಮಾತಾಡವೊಲ್ಲರು — ತಳದ ಮೂಲೆಯಲ್ಲಿ ಅದರ ಬಾಯಿ ತೆರೆಯಿತು, ಮುಚ್ಚಿತು, ಮಾತಾಡ್ರಿ, ಏನಾದರೂ ಅನ್ನಿರಿ, ತೆರೆಯಿತು, ಮುಚ್ಚಿತು, ಬಾಲದ ತುದಿ ಅಲುಗಿತೇ, ನೀರು ಅಲುಗಿದ್ದೇ, ಬಾಯಿ, ಆ ಪುಟ್ಟ ಬಾಯಿ, ತೆರೆಯಿತು, ಮುಚ್ಚಿತು, ತೆರೆಯಿತು