ಜರಿ ಜಗ್ಗನಿಗೆ ಸನ್ಮಾನ

ನಾನು ಬರೆಯುವುದು ಮಾಂಗಾ, ಅಂದರೆ ಜಪಾನಿನವರ ಧಾಟಿಯ ಚಿತ್ರಕಥೆ. ಅವ್ವ ಮಾಸ್ತಮ್ಮನ ಬಾಯಲ್ಲಿ ಅದು ಮಂಗ. "ನಮ್ಮ ಮೈತ್ರಿ ಮಂಗ ಬರೀತಾಳ್ರೀ" ಎಂದು ಆಕೆ ಹೇಳಿದಾಗ ಶಿಕಾರಿಪುರದ ನಮ್ಮ ಓಣಿಯವರು ಆಂಜನೇಯನ ಪಟವೇನೋ ಅಂದುಕೊಂಡು ಸುಮ್ಮನಾದರು. ಅವ್ವನೂ ಪುಸ್ತಕ ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ.

ನನ್ನ ಕಥಾನಾಯಕ ಜರಿ ಜಗ್ಗ ವಿಗ್ರಹಗಳ್ಳ. ಜರಿ ಪೇಟ, ಗುಲಾಬಿ ಪಂಚೆ, ಕಪ್ಪು ಕನ್ನಡಕ. ಕದಿಯುವ ಮೊದಲು ಮೈಕು ಕಟ್ಟಿಸಿ ಊರಿಗೆಲ್ಲ ತಿಳಿಸುವ ಶೋಕಿಲಾಲ. ಅವನ ಬೆನ್ನು ಹತ್ತಿದವರು ಗಂಡ ಹೆಂಡತಿ ಗೂಢಚಾರರು. ಕಂಬಳಿ ಹೊದ್ದು ಕುರಿ ಕಾಯುವವರ ವೇಷ ಹಾಕಿರುತ್ತಾರೆ. ಅವರು ಎಲ್ಲಿ ಅಡಗಿ ಕೂತರೂ ಕುರಿಗಳು ಹಿಂದೆಯೇ ಬಂದು ಬ್ಯಾ ಎಂದು ಗುಟ್ಟು ಬಯಲು ಮಾಡುತ್ತವೆ. ಯಾರಾದರೂ ಒಬ್ಬರು ನಗಲಿ ಎಂಬ ಒಂದೇ ಆಸೆಗೆ ವರ್ಷಗಟ್ಟಲೆ ಕಣ್ಣು ಹಾಳು ಮಾಡಿಕೊಂಡು ಬರೆದೆ.

ಜಪಾನಿನಲ್ಲಿ ಮಾಂಗಾವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ನಾನೂ ಹಾಗೇ ಜೋಡಿಸಿದೆ, ಮಹಾ ಕಲಾವಿದೆ ನೋಡಿ! 'ಬಲಗಡೆಯಿಂದ ಓದಿ' ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸಿದೆ. ನನ್ನ ಮೊದಲ ಪುಟ ನಮ್ಮವರಿಗೆ ಕೊನೆಯ ಪುಟ ಎಂಬುದು ಈ ತಲೆಗೆ ಹೊಳೆಯಲೇ ಇಲ್ಲ. ಕಥೆಯಲ್ಲಿ ಮಾತು ಕಡಿಮೆ, ಚಿತ್ರವೇ ಜಾಸ್ತಿ. ಜನ ಎಡದಿಂದ ಶುರು ಮಾಡಿ ಆರಾಮಾಗಿ ಓದಿ ಮುಗಿಸಿದರು. ಹಾಗೆ ಓದಿದರೆ ಜಗ್ಗ ಎಲ್ಲಿಂದಲೋ ವಿಗ್ರಹ ಹೊತ್ತು ತಂದು ಗುಡಿಯಲ್ಲಿಡುತ್ತಾನೆ, ಬಾಗಿಲಿಗೆ ಬೀಗ ಹಾಕುತ್ತಾನೆ, ಆಮೇಲೆ ಮೈಕಿನಲ್ಲಿ ಊರಿಗೆ ಸಾರುತ್ತಾನೆ.

ಭಕ್ತಿ ಉಕ್ಕಿ ಹರಿಯಿತು. ಸೊರಬದ ಒಂದು ಮಹಿಳಾ ಸಂಘದವರು ನನ್ನನ್ನು ಸನ್ಮಾನಕ್ಕೆ ಕರೆದರು. ಅವ್ವ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು.

"ಎಂಥ ದೈವಭಕ್ತ ಮಾರಾಯ್ರೇ ಈ ಜಗ್ಗ! ಓದಿ ಕಣ್ಣಲ್ಲಿ ನೀರು ಬಂತು," ಎಂದರು ಅಧ್ಯಕ್ಷೆ ಶಕುಂತಲಮ್ಮ. "ಮುಂದಿನ ಭಾಗಕ್ಕೆ ಒಂದೆರಡು ಭಜನೆ ಸೇರ್ಸಿ. ಆ ಕುರಿಗಳು ಮಾತ್ರ ಬೇಡ. ಒಂದು ಕುರಿ ಬಾಯಿಂದ ಜಗ್ಗ ಪೇಟ ತೆಗೆದು ತಲೆಗೆ ಇಟ್ಕೊಳ್ತಾನಲ್ಲ, ಥೂ, ಅಸಹ್ಯ."

ಕುರಿ ಬೇಡವಂತೆ! ನನ್ನ ಪಿತ್ತ ನೆತ್ತಿಗೇರಿತು. ಮೈಕು ಕಿತ್ತುಕೊಂಡೆ.

"ಅವ್ನು ಕಳ್ಳ ಕಣ್ರೀ ಮೇಡಂ! ಕುರಿ ಪೇಟ ತಿಂತೈತಿ. ಪುಸ್ತಕನ ಬಲಗಡೆಯಿಂದ ಓದ್ರಿ!"

ಸಭೆಯವರೆಲ್ಲ ಕೈಯಲ್ಲಿದ್ದ ಪುಸ್ತಕ ಮಗುಚಿ ಬಲಗಡೆಯಿಂದ ಬಿಚ್ಚಿದರು. ಶಕುಂತಲಮ್ಮ ನಿಂತಲ್ಲೇ ನಾಲ್ಕು ಪುಟ ನೋಡಿದರು. ಮುಖ ಕೆಂಪಗಾಯಿತು.

"ದೇವ್ರನ್ನ ಕದಿಯೋನಿಗೆ ನಮ್ಮ ಸಂಘದ ಸನ್ಮಾನವಾ?"

ಮೊದಲು ಹಣ್ಣಿನ ಬುಟ್ಟಿ ವಾಪಸು ಹೋಯಿತು, ಆಮೇಲೆ ಹಾರ, ಕಡೆಗೆ ಶಾಲು. ಸನ್ಮಾನವನ್ನೂ ಬಲದಿಂದ ಎಡಕ್ಕೆ ಮಾಡಬಹುದೆಂದು ಆವತ್ತೇ ನನಗೆ ಗೊತ್ತಾದದ್ದು. ಅವ್ವನ ಮರ್ಯಾದೆ ತೆಗೆದೆನಲ್ಲ ಎಂದು ಸಂಕಟವಾಗಿ ತಲೆ ತಗ್ಗಿಸಿದೆ.

ಆಗ ಮುಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ನೋಡಿದರೆ ಅವ್ವ. ಪುಸ್ತಕವನ್ನು ಬಲಗಡೆಯಿಂದ ಬಿಚ್ಚಿ ಹಿಡಿದು, ಬಾಯಿಗೆ ಸೆರಗು ತುರುಕಿಕೊಂಡರೂ ತಡೆಯಲಾಗದೆ ಕುಲುಕುಲು ನಗುತ್ತಿದ್ದಳು.

"ಅಯ್ಯೋ ನೋಡ್ರೇ ಇಲ್ಲಿ! ಈ ಗೂಢಚಾರ ಸುಮ್ನಿರವ್ವ ಅಂತ ಕುರಿಗೆ ಕೈ ಮುಗೀತಾನ!"

"ಅವ್ವಾ, ಏಳು, ಹೋಗಾನ," ಎಂದೆ. ಖುಷಿಗೆ ಅಳು ಬರುತ್ತಿತ್ತು.

"ತಡಿಯೇ," ಎಂದು ಆಕೆ ತಲೆ ಎತ್ತದೆ ಪುಟ ತಿರುವಿದಳು. "ಕಳ್ಳ ಸಿಕ್ಕಿ ಬೀಳ್ತಾನೋ ಇಲ್ಲೋ ನೋಡಾನ."